ಮಳೆ ಸದ್ದಿನೊಳಗೆ ಮೇಷ್ಟ್ರು ಎಲ್ಲಿ ನಿಲ್ಲಬೇಕು? ಮಡಿಕೇರಿಯ ದೇಹಭಾಷೆ ತರಬೇತಿ ಹೇಗಿದೆ

ಜುಲೈನಲ್ಲಿ ಕೊಡಗಿನ ಯಾವುದಾದರೂ ಶೀಟ್ ಮಾಡಿನ ಶಾಲೆಯೊಳಗೆ ಹೋಗಿ ನಿಂತು ನೋಡಿ. ಮಳೆ ಬಿರುಸಾಯಿತೆಂದರೆ ಟೀಚರ ಮಾತು ಎರಡನೇ ಬೆಂಚು ದಾಟುವುದಿಲ್ಲ. ಆಗ ಕೆಲವರು ಗಂಟಲು ಹರಿಯುವಂತೆ ಕೂಗುತ್ತಾರೆ, ಕೆಲವರು ಡಸ್ಟರಿನಿಂದ ಮೇಜು ಕುಟ್ಟುತ್ತಾರೆ. ಎರಡರಿಂದಲೂ ಗಲಾಟೆ ಏರುತ್ತದೆ. ಮೇಷ್ಟ್ರ ದನಿ ಎಷ್ಟು ಮೇಲೆ ಹೋಗುತ್ತದೋ ಮಕ್ಕಳ ದನಿಯೂ ಅದರ ಹಿಂದೆಯೇ ಹತ್ತುತ್ತದೆ, ಪಕ್ಕದವನಿಗೆ ಕೇಳಬೇಕಲ್ಲ! ಇಂಥ ಜಿಲ್ಲೆಯಲ್ಲಿ ‘ದೇಹಭಾಷೆಯಿಂದ ತರಗತಿ ನಿರ್ವಹಣೆ’ ಎಂಬ ತರಬೇತಿ ಶೋಕಿಯ ಮಾತಲ್ಲ, ಆಗಸ್ಟಿನವರೆಗೆ ಗಂಟಲು ಉಳಿಸಿಕೊಳ್ಳುವ ಮಾತು.

ಮಡಿಕೇರಿಯಲ್ಲಿ ಖಾಸಗಿಯವರು ನಡೆಸುವ ಈ ತರಬೇತಿ ಒಂದೂವರೆ ದಿನದ್ದು. ಶನಿವಾರ ಶಾಲೆ ಬಿಟ್ಟ ಮೇಲೆ 2ರಿಂದ 6, ಭಾನುವಾರ ಬೆಳಿಗ್ಗೆ 9.30ರಿಂದ 4.30. ತಲಾ 1,200 ರೂಪಾಯಿ. ಭಾನುವಾರದ ಊಟ, ಕಾಫಿ, 14 ಪುಟದ ಕೈಪಿಡಿ ಅದರಲ್ಲೇ ಬಂತು. ಒಂದು ತಂಡಕ್ಕೆ 30 ಜನ. ಇಲಾಖೆಯ ತರಬೇತಿ ಅಲ್ಲದ ಕಾರಣ ಒಒಡಿ (ಕರ್ತವ್ಯದ ಮೇಲಿದ್ದಂತೆ ಹಾಜರಿ) ಇಲ್ಲ, ಪ್ರಯಾಣದ, ದಿನದ ಭತ್ಯೆಯಾದ ಟಿಎ ಡಿಎಯೂ ಇಲ್ಲ. ಕುಟ್ಟ, ಕರಿಕೆ ಕಡೆಯವರು ರಾತ್ರಿ ಮಡಿಕೇರಿಯಲ್ಲೇ ಉಳಿಯಬೇಕು, ಆ ಖರ್ಚು ಬೇರೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಇಂಥವು ಬೇರೆ ಬೇರೆ ಹೆಸರಿನಲ್ಲಿ ಘಟ್ಟದ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿರುತ್ತವೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಒಟ್ಟಾರೆ ಅಂಕ ಐದಕ್ಕೆ ಮೂರೂವರೆ. ಶನಿವಾರ ಸಂಜೆಯ ಕೊನೆಯ ಎರಡು ತಾಸಿಗೆ ಮಾತ್ರ ಅಂಕ ಕೊಡಿ ಅಂದರೆ ಐದಕ್ಕೆ ಐದು.

ಶುರುವಾದದ್ದೇ ಎಡವಟ್ಟಿನಿಂದ. ಮೊದಲ ಸ್ಲೈಡಿನಲ್ಲಿ ‘ಸಂವಹನದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ದೇಹಭಾಷೆಯದು ಶೇ. 55’ ಎಂದು ದೊಡ್ಡಕ್ಷರದಲ್ಲಿ ಬಂತು. ಈ ಅಂಕಿ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಅಲ್ಲಿ ಕೇಳಿಸಿದ್ದು ಒಂಟಿ ಪದಗಳು, ತೋರಿಸಿದ್ದು ಮುಖದ ಫೋಟೊ, ಅಳೆದದ್ದು ಹೇಳುವವನಿಗೆ ಇಷ್ಟವೋ ಇಷ್ಟವಿಲ್ಲವೋ ಎಂಬ ಭಾವನೆಯನ್ನು. ಭಿನ್ನರಾಶಿ ಕಲಿಸುವವರಿಗೆ ಅದು ಅನ್ವಯಿಸಿದರೆ ಪಾಠದ ಶೇ. 93 ಭಾಗವನ್ನು ಬಾಯಿ ಮುಚ್ಚಿಕೊಂಡೇ ಮಾಡಬಹುದು ಎಂದಾಯಿತು! ಬೆನ್ನಿಗೇ ಇನ್ನೊಂದು: ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಎಂಬ ಅಭ್ಯಾಸ. 2010ರಲ್ಲಿ 42 ಜನರ ಮೇಲೆ ನಡೆದ ಆ ಅಧ್ಯಯನವನ್ನು 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿದಾಗ ಹಾರ್ಮೋನಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಈ ನಲವತ್ತು ನಿಮಿಷ ಶುದ್ಧ ದಂಡ. ಕಾಫಿ ಚೆನ್ನಾಗಿತ್ತು, ಕೊಡಗಿನಲ್ಲಿ ಅದೂ ಕೆಟ್ಟರೆ ಕಷ್ಟ.

ನಾಲ್ಕು ಗಂಟೆಗೆ ಸಂಪನ್ಮೂಲ ವ್ಯಕ್ತಿ ಲ್ಯಾಪ್‌ಟಾಪ್ ಮುಚ್ಚಿ, ಬೋರ್ಡಿನ ಮುಂದೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎರಡು ಪಾದದ ಗುರುತು ಬರೆದರು. ಅಲ್ಲಿಂದ ತರಬೇತಿಯ ಚಹರೆಯೇ ಬದಲಾಯಿತು. ಆ ಗುರುತು ಸೂಚನೆ ಕೊಡುವ ಜಾಗ. ಪಾಠ ಎಲ್ಲಿ ಓಡಾಡಿಕೊಂಡು ಬೇಕಾದರೂ ಮಾಡಿ, ಆದರೆ ‘ಪುಟ 42 ತೆಗೆಯಿರಿ’ ಎನ್ನುವುದು ಇಲ್ಲಿ ನಿಂತು ಮಾತ್ರ. ಕ್ರಮ ಹೀಗೆ. ಕೈಯಲ್ಲಿರುವ ಪುಸ್ತಕ, ಚಾಕ್‌ಪೀಸು ಕೆಳಗಿಡಬೇಕು. ಪಾದಗಳ ನಡುವೆ ಭುಜದಷ್ಟು ಅಂತರ, ಭಾರ ಎರಡೂ ಕಾಲಿನ ಮೇಲೆ ಸಮವಾಗಿ, ಹೆಬ್ಬೆರಳು ಮಕ್ಕಳ ಕಡೆಗೆ. ಒಮ್ಮೆ ಉಸಿರು ಪೂರ್ತಿ ಬಿಡಬೇಕು. ಕಣ್ಣು ಹಿಂದಿನ ಎಡ ಮೂಲೆಯಿಂದ ಹೊರಟು ಹಿಂದಿನ ಸಾಲು, ನಡು ಸಾಲು, ಮುಂದಿನ ಸಾಲು ಹೀಗೆ ಇಳಿದು ಬರಬೇಕು. ಇಷ್ಟಕ್ಕೆ ಮೂರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಆಮೇಲೆ ಒಂದೇ ಒಂದು ವಾಕ್ಯ, ಏಳೆಂಟು ಪದ ಮೀರದಂತೆ. ಹೇಳಿ ಮುಗಿದ ಮೇಲೂ ಎರಡು ಸೆಕೆಂಡು ಅಲ್ಲೇ ನಿಂತು, ಪುಟ ತಿರುವುವ ಕೈಗಳು ಕಂಡ ಮೇಲೆ ಕಾಲು ಎತ್ತಬೇಕು.

ಓದಲು ಸಲೀಸು. ಮಾಡಲು ಹೊರಟಾಗ ಹೆಚ್ಚಿನವರು ಎಡವಿದ್ದು ಮೊದಲ ಸೆಕೆಂಡಿನಲ್ಲೇ. ಮೌನ ತಡೆಯಲಾರದೆ ‘ಏಯ್’ ಎಂದುಬಿಡುತ್ತಾರೆ, ಅಲ್ಲಿಗೆ ಅಷ್ಟು ಹೊತ್ತು ಕಟ್ಟಿದ್ದು ಒಡೆಯಿತು. ಎರಡನೇ ತಪ್ಪು, ನಡೆಯುತ್ತ ನಡೆಯುತ್ತ ಸೂಚನೆ ಕೊಡುವುದು. ಮೇಷ್ಟ್ರು ಇನ್ನೂ ಬೇರೆ ಏನೋ ಕೆಲಸದಲ್ಲಿದ್ದಾರೆ ಎಂದು ಮಕ್ಕಳು ಅದನ್ನು ಓದುತ್ತಾರೆ, ಹಾಗಾಗಿ ತಾವೂ ತಮ್ಮ ಕೆಲಸ ಮುಂದುವರಿಸುತ್ತಾರೆ. ಮೂರನೆಯದು ಚಿಕ್ಕ ಚಿಕ್ಕ ಚಾಳಿಗಳು: ಸೆರಗು ಸರಿಮಾಡುವುದು, ವಾಚು ತಿರುಗಿಸುವುದು, ಪೆನ್ನಿನ ಗುಂಡಿ ಒತ್ತುತ್ತಿರುವುದು, ಒಂದು ಕಾಲಿನಿಂದ ಇನ್ನೊಂದಕ್ಕೆ ತೂಗುವುದು. ದೇಹ ಅಲ್ಲಾಡುತ್ತಿರುವವರೆಗೆ ನೋಡುವವರ ಕಣ್ಣು ಮಾತಿನ ಮೇಲೆ ನಿಲ್ಲದೆ ಅಲ್ಲಾಡುವುದರ ಮೇಲೆ ನಿಲ್ಲುತ್ತದೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ಗುರುತು, ಬಾಗಿಲ ಕಡೆಯ ಮೂಲೆಯಲ್ಲಿ. ಗದರಿಸುವುದು, ಶಿಸ್ತಿನ ಮಾತು ಆಡುವುದು ಅಲ್ಲಿ. ಎರಡೂ ಜಾಗ ಬೆರೆಯಬಾರದು. ಪಾಠದ ಜಾಗದಲ್ಲೇ ನಿಂತು ಬೈದರೆ, ಮಾರನೆಯ ದಿನ ಅಲ್ಲಿ ನಿಂತು ಕಥೆ ಹೇಳಲು ಹೊರಟಾಗಲೂ ಮಕ್ಕಳ ಮೈ ಬಿಗಿಯುತ್ತದೆ. ಎರಡು ಮೂರು ವಾರ ತಪ್ಪದೆ ಪಾಲಿಸಿದರೆ ಮೇಷ್ಟ್ರು ಆ ಮೂಲೆಯ ಕಡೆ ಎರಡು ಹೆಜ್ಜೆ ಇಟ್ಟರೂ ಸಾಕಾಗುತ್ತದೆ, ಬೈಗುಳ ಖರ್ಚಾಗುವುದಿಲ್ಲ.

ಇಡೀ ತರಬೇತಿಯ ತಿರುಳು ಇದ್ದದ್ದು ಮಾತ್ರ ತಿರುಗುವ ಅಭ್ಯಾಸದಲ್ಲಿ. ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನಿಂದ ಪಿಸುಮಾತು ಬಂತು ಅನ್ನಿ. ನಾವೆಲ್ಲ ಮಾಡುವುದು ಕತ್ತು ಮಾತ್ರ ತಿರುಗಿಸಿ ಕಣ್ಣು ಬಿಡುವುದು. ಪಾದ ಇನ್ನೂ ಬೋರ್ಡಿನ ಕಡೆಗೇ ಇರುತ್ತದೆ. ಆರನೇ ತರಗತಿಯ ಹುಡುಗನಿಗೂ ಗೊತ್ತು, ಈ ಕತ್ತು ಈಗಲೇ ವಾಪಸು ತಿರುಗುತ್ತದೆ ಅಂತ. ಸುಮ್ಮನಾದಂತೆ ಮಾಡಿ, ತಿರುಗಿದ ಕೂಡಲೇ ಮಾತು ಮುಂದುವರಿಸುತ್ತಾನೆ. ಇಲ್ಲಿ ಕಲಿಸಿದ್ದು: ಬರೆಯುವುದನ್ನು ಪದದ ನಡುವೆಯೇ ನಿಲ್ಲಿಸಿ, ಮೊದಲು ಕಣ್ಣು, ಆಮೇಲೆ ಮುಖ, ಭುಜ, ಸೊಂಟ, ಕೊನೆಗೆ ಎರಡೂ ಪಾದ ಹೀಗೆ ನಿಧಾನವಾಗಿ ಪೂರ್ತಿ ತಿರುಗುವುದು. ಹುಬ್ಬು ಗಂಟಿಕ್ಕಬೇಕಿಲ್ಲ, ಮುಖದಲ್ಲಿ ಏನೂ ಇರದಿದ್ದರೆ ಒಳ್ಳೆಯದು. ಎರಡು ಉಸಿರು ಕಾಯಿರಿ. ಹುಡುಗ ಮುಖ ತಿರುಗಿಸಿದರೆ ಸಾಲದು, ಅವನ ಮೊಣಕಾಲು ಡೆಸ್ಕಿನ ಅಡಿಗೆ ಬಂತೇ ನೋಡಿ. ಕಾಲು ಇನ್ನೂ ಪಕ್ಕದವನ ಕಡೆಗಿದ್ದರೆ ಮಾತು ಮುಗಿದಿಲ್ಲ ಅಂತಲೇ ಅರ್ಥ. ಮೇಷ್ಟ್ರಾಗಲಿ ಮಕ್ಕಳಾಗಲಿ, ಮುಖದಲ್ಲಿ ನಟಿಸಬಲ್ಲರು, ಪಾದದಲ್ಲಿ ನಟಿಸುವುದು ಕಷ್ಟ. ಒಬ್ಬೊಬ್ಬರಿಂದಲೂ ಆರು ಸಲ ಮಾಡಿಸಿದರು, ಅವಸರದಲ್ಲಿ ತಿರುಗಿದವರನ್ನು ಮತ್ತೆ ಬೋರ್ಡಿಗೆ ಕಳಿಸಿದರು. 1,200 ರೂಪಾಯಿ ವಸೂಲಾದದ್ದು ಇಲ್ಲಿ.

ಬೋರ್ಡಿನ ಮುಂದೆ ನಿಲ್ಲುವ ಬಗೆ ಬೇಗ ಮುಗಿಯಿತು. ಬಲಗೈಯವರು ಬಲ ಭುಜವನ್ನು ಬೋರ್ಡಿಗೆ ಕೊಟ್ಟು ಎದೆಯನ್ನು ತರಗತಿಯತ್ತ ಓರೆಯಾಗಿಸಿದರೆ ಅರ್ಧ ತರಗತಿ ಕಣ್ಣಿಗೆ ಬೀಳುತ್ತಿರುತ್ತದೆ. ಮರೆಯಾದ ಇನ್ನರ್ಧಕ್ಕಾಗಿ ಪ್ರತಿ ಸಾಲು ಮುಗಿದಾಗ ಒಮ್ಮೆ ಪೂರ್ತಿ ತಿರುಗಬೇಕು. ಪ್ರಶ್ನೆ ಕೇಳಿದ ಮೇಲೆ ಕಾಯುವ ವಿಷಯವೂ ಬಂತು. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಮೆರಿಕದ ತರಗತಿಗಳಲ್ಲಿ ಗಮನಿಸಿದಂತೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಟ್ಟರು. ಆ ಮೂರು ಸೆಕೆಂಡಿನಲ್ಲಿ ದೇಹ ಏನು ಮಾಡಬೇಕು ಎಂಬುದನ್ನು ಸಂಪನ್ಮೂಲ ವ್ಯಕ್ತಿ ಸರಿಯಾಗಿ ತೋರಿಸಿದರು: ಅಂಗೈ ಮೇಲ್ಮುಖ, ತಲೆ ಸ್ವಲ್ಪ ವಾಲಿಸಿ, ಮುಂದಕ್ಕೆ ಬಾಗದೆ. ಬಾಗಿದರೆ ಮಗು ಹಿಂದಕ್ಕೆ ಸರಿಯುತ್ತದೆ.

ಭಾನುವಾರ ಬೆಳಿಗ್ಗೆಯ ವಿಷಯ ಅಂತರ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಕೊಟ್ಟ ಅಳತೆಗಳನ್ನು ಹಗ್ಗ ಹಿಡಿದು ನೆಲದ ಮೇಲೆ ತೋರಿಸಿದರು: 45 ಸೆಂಟಿಮೀಟರಿನೊಳಗೆ ತೀರಾ ಆಪ್ತರು, 1.2 ಮೀಟರಿನೊಳಗೆ ಪರಿಚಿತರು, ಅಲ್ಲಿಂದ 3.6 ಮೀಟರಿನವರೆಗೆ ಸಾಮಾನ್ಯ ವ್ಯವಹಾರ. ಇವು ಅಮೆರಿಕದ ಅಳತೆ, ನಮ್ಮ ಬಸ್ಸು ಹತ್ತಿದವರಿಗೆ ನಗು ಬರುತ್ತದೆ. ಆದರೂ ಕೊನೆಯ ಬೆಂಚಿಗೂ ಬೋರ್ಡಿಗೂ ನಡುವೆ ಆರು ಮೀಟರ್ ಇದ್ದರೆ ಅಲ್ಲಿ ಏನಾಗುತ್ತದೆ ಎಂಬುದಕ್ಕೆ ಅಳತೆಪಟ್ಟಿ ಬೇಕಿಲ್ಲ. ತರಗತಿ ನಿರ್ವಹಣೆಯ ಬಗ್ಗೆ ಬರೆದಿರುವ ಫ್ರೆಡ್ ಜೋನ್ಸ್ ಇದನ್ನು ಟ್ರಾಫಿಕ್ ದೀಪದಂತೆ ಹೇಳುತ್ತಾರೆ: ಟೀಚರ ಹತ್ತಿರ ಕೆಂಪು, ನಡುವೆ ಹಳದಿ, ದೂರದಲ್ಲಿ ಹಸಿರು. ಟೀಚರು ನಡೆಯುತ್ತಿದ್ದರೆ ಬಣ್ಣವೂ ಜೊತೆಗೆ ನಡೆಯುತ್ತದೆ. ಕುರ್ಚಿಯಲ್ಲಿ ಕೂತರೆ ಹಿಂದಿನ ಸಾಲಿಗೆ ಪೀರಿಯಡ್ ಪೂರ್ತಿ ಹಸಿರು ದೀಪ.

ಮಾತಾಡುವ ಮಗುವಿನ ಹತ್ತಿರ ಹೋಗುವ ವಿಧಾನಕ್ಕೆ ಒಂದೂವರೆ ಗಂಟೆ ಕೊಟ್ಟದ್ದು ಸರಿ. ಪಾಠ ನಿಲ್ಲಿಸಬಾರದು, ವಾಕ್ಯ ನಡೆಯುತ್ತಿರುವಾಗಲೇ ಕಾಲೂ ನಡೆಯಬೇಕು. ನೇರ ಅವನ ಕಡೆ ಹೋಗದೆ ಒಂದು ಬೆಂಚು ಸುತ್ತಿ ಹೋಗಬೇಕು. ಎದುರು ನಿಲ್ಲದೆ ಪಕ್ಕದಲ್ಲಿ, ಮುಖ ಬೋರ್ಡಿನ ಕಡೆಗೆ. ಅವನ ಪುಸ್ತಕದಲ್ಲಿ ಬರೆಯಬೇಕಾದ ಸಾಲಿನ ಮೇಲೆ ಬೆರಳು ಒಮ್ಮೆ ಇಟ್ಟು ತೆಗೆಯುವುದು. ಅವನು ಪೆನ್ಸಿಲು ಹಿಡಿದ ಮೇಲೂ ಎರಡು ಉಸಿರು ಅಲ್ಲೇ. ಹೊರಡುವಾಗ ಮೊದಲ ಎರಡು ಹೆಜ್ಜೆ ನಿಧಾನ, ಮೂರನೆಯದಕ್ಕೆ ಒಮ್ಮೆ ಹಿಂತಿರುಗಿ ನೋಡಬೇಕು. ಕೆಡುವುದು ಸಾಮಾನ್ಯವಾಗಿ ಹೊರಡುವಾಗಲೇ. ಸರಕ್ಕನೆ ತಿರುಗಿ ಹೋದರೆ ಬೆನ್ನ ಹಿಂದೆ ನಗು ಏಳುತ್ತದೆ. ಎದುರು ನಿಂತು ಡೆಸ್ಕಿನ ಮೇಲೆ ಎರಡೂ ಕೈ ಊರಿ ಬಾಗಿದರೂ ಕೆಲಸ ಕೆಡುತ್ತದೆ: ಹುಡುಗನಿಗೆ ಅದು ಎಲ್ಲರೆದುರಿನ ಪಂದ್ಯವಾಗುತ್ತದೆ, ಸೋಲಲು ಒಪ್ಪುವುದಿಲ್ಲ.

ಇಷ್ಟಾದರೂ ನಮ್ಮ ಶಾಲೆಗಳಲ್ಲಿ ಇದು ನಡೆಯಲು ದಾರಿಯೇ ಇರುವುದಿಲ್ಲ. ಮಳೆಗಾಲದಲ್ಲಿ ಎರಚಲು ಹೊಡೆಯುವ ಕಿಟಕಿ ಪಕ್ಕದ ಬೆಂಚುಗಳನ್ನು ಕೋಣೆಯ ನಡುವಿಗೆ ಎಳೆಯುತ್ತೇವೆ, ಓಡಾಡುವ ಜಾಗ ಮುಚ್ಚುತ್ತದೆ. ಒದ್ದೆ ರೇನ್‌ಕೋಟು, ಕೊಡೆ ಒಳಗೇ ಬಂದರೆ ನೆಲ ಜಾರುತ್ತದೆ, ಮೇಷ್ಟ್ರು ಬೋರ್ಡು ಬಿಟ್ಟು ಕದಲುವುದಿಲ್ಲ. ತರಬೇತಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಮಾಡಬೇಕಾದದ್ದು ಕಷ್ಟದ್ದೇನಲ್ಲ. ಬೆಂಚುಗಳನ್ನು ಕಿಟಕಿಯಿಂದ ಎಳೆಯುವಾಗ ಇನ್ನೊಂದು ಗೋಡೆಯ ಕಡೆಗೂ ಒತ್ತಿ, ಮೇಷ್ಟ್ರ ಮೇಜನ್ನು ಮುಂದಿನಿಂದ ತೆಗೆದು ಮೂಲೆಗೆ ಸರಿಸಿ, ನಡುವೆ ಎರಡಡಿ ದಾರಿ ಬಿಡುವುದು. ಕೊಡೆಗಳಿಗೆ ಜಗಲಿಯಲ್ಲಿ ಹಗ್ಗವೋ ಬಕೆಟ್ಟೋ, ಬಾಗಿಲಲ್ಲಿ ಎರಡು ಗೋಣಿಚೀಲ. ಐದು ಮಕ್ಕಳು ಕೂರುವ ಉದ್ದ ಬೆಂಚಿನಲ್ಲಿ ನಡುವಿನವನು ಕೈಗೆ ಎಟಕುವುದಿಲ್ಲ, ಮಾತು ಹೆಚ್ಚಿರುವ ಮಗುವನ್ನು ದಾರಿ ಬದಿಗೆ ಕೂರಿಸಬೇಕು. ಗೋಡೆ ಬದಿಗೆ ಕೂರಿಸುವುದು ನಮ್ಮಲ್ಲಿ ರೂಢಿ, ಅದು ತಿರುವುಮುರುವು.

ಕೈಸನ್ನೆಗಳ ಪಾಠ ಅರ್ಧ ಗೆದ್ದಿತು, ಅರ್ಧ ನಗೆಪಾಟಲು. ಕೊಡಗಿನ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಮಾತಾಡುವ ಮಕ್ಕಳಿರುತ್ತಾರೆ. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಅಸ್ಸಾಂ ಕಡೆಯ ಮಗುವಿಗೆ ಜೂನ್‌ನಲ್ಲಿ ಕನ್ನಡವೇ ಹೊಸದು. ‘ಕೂತ್ಕೋ, ತೆಗಿ, ಬರಿ’ ಎಂಬ ಮೂರಕ್ಕೆ ಮಾತಿನ ಜೊತೆ ಒಂದೇ ಬಗೆಯ ಸನ್ನೆ ತಪ್ಪದೆ ಬಂದರೆ ಆ ಮಗು ಮೊದಲ ವಾರದಲ್ಲೇ ತರಗತಿಯ ಜೊತೆ ಸಾಗುತ್ತದೆ. ಇದು ಬಂಗಾರದಂಥ ಸಲಹೆ. ಬೆರಳು ತೋರುವ ಬದಲು ಅಂಗೈ ತೋರಿ ಎಂಬುದೂ ಹಾಗೆಯೇ. ಆದರೆ ಕೈಪಿಡಿಯಲ್ಲಿ ಶೌಚಾಲಯಕ್ಕೆ, ನೀರಿಗೆ, ಅನುಮಾನಕ್ಕೆ ಅಂತ ಹನ್ನೆರಡು ಸನ್ನೆಗಳ ಚಾರ್ಟು! ನಮ್ಮ ಮಕ್ಕಳು ಕಿರುಬೆರಳು ಎತ್ತಿದರೆ ಏನೆಂದು ಕರ್ನಾಟಕದ ಯಾವ ಟೀಚರಿಗೆ ಗೊತ್ತಿಲ್ಲ? ಇರುವುದನ್ನು ಕಿತ್ತು ಹೊಸದು ನೆಡುವ ಕೆಲಸ ಬೇಕಿರಲಿಲ್ಲ. ಮೂರು ಸನ್ನೆ ಮೀರಿದರೆ ಮರೆಯುವವರು ಮಕ್ಕಳಿಗಿಂತ ಮೊದಲು ಮೇಷ್ಟ್ರು.

ಊಟಕ್ಕೆ ಮೊದಲು ಮಳೆಯ ಪರೀಕ್ಷೆ. ತಗಡಿನ ಮೇಲೆ ಬೀಳುವ ಮಳೆಯ ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಇಪ್ಪತ್ತು ಶಿಬಿರಾರ್ಥಿಗಳನ್ನು ಏಳನೇ ತರಗತಿ ಮಕ್ಕಳನ್ನಾಗಿಸಿ, ಒಬ್ಬರು ಮಾತಿಲ್ಲದೆ ಗಣಿತ ಶುರುಮಾಡಬೇಕು. ಸೊಗಸಾದ ಯೋಚನೆ. ಗೆದ್ದವರು ಮಾಡಿದ್ದು ಇಷ್ಟೇ: ಗುರುತಿನ ಮೇಲೆ ನಿಂತರು, ಒಂದು ಕೈ ತಲೆ ಮಟ್ಟಕ್ಕೆ ಎತ್ತಿದರು, ಮುಂದಿನ ಸಾಲು ಕೈ ಎತ್ತುವವರೆಗೆ ಕಾದರು, ಬೋರ್ಡಿನ ಮೇಲೆ ಪುಟದ ಸಂಖ್ಯೆ ದೊಡ್ಡದಾಗಿ ಬರೆದು ತಟ್ಟಿದರು. ಲೈಟು ಆರಿಸಿ ಹಚ್ಚಿ ಗಮನ ಸೆಳೆಯಿರಿ ಎಂಬ ಸಲಹೆಗೆ ಮಾತ್ರ ಸಭೆಯೇ ನಕ್ಕಿತು. ಮಳೆಗಾಲದಲ್ಲಿ ಕರೆಂಟು ಇದ್ದರಲ್ಲವೇ ಆರಿಸುವುದು! ಕರೆಂಟು ಇಲ್ಲದ ಮಬ್ಬಿನಲ್ಲಿ ಇನ್ನೊಂದು ತೊಡಕಿದೆ, ಅದನ್ನೂ ಯಾರೂ ಹೇಳಲಿಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮಕ್ಕಳಿಗೆ ಟೀಚರ ಮುಖ ಕಪ್ಪಾಗಿ ಕಾಣುತ್ತದೆ, ಕಣ್ಣು ಹುಬ್ಬು ಏನೂ ಓದಲಾಗುವುದಿಲ್ಲ. ಬೆಳಕು ಮುಖಕ್ಕೆ ಬೀಳುವ ಕಡೆ ನಿಲ್ಲಬೇಕು, ಪಾದದ ಗುರುತನ್ನು ಜೂನ್‌ನಲ್ಲಿ ಒಮ್ಮೆ ಜಾಗ ಬದಲಿಸಿ ಬರೆಯಬೇಕು. ಹೊರಗೆ ಮಾರಾಟಕ್ಕಿಟ್ಟಿದ್ದ, ಸೊಂಟಕ್ಕೆ ಕಟ್ಟುವ ಮೈಕು ಸ್ಪೀಕರಿನ ಬಗ್ಗೆ ಒಂದು ಮಾತು: ಮಳೆ ಸದ್ದಿನ ಮೇಲೆ ಇನ್ನೊಂದು ಸದ್ದು ಸೇರಿಸುತ್ತದೆ, ಮೈಕು ಸ್ಪೀಕರಿನ ಹತ್ತಿರ ಬಂದರೆ ಕೀರಲು. ಗಂಟಲು ಕೆಟ್ಟವರಿಗೆ ಬೇಸಿಗೆಯಲ್ಲಿ ಉಪಯೋಗವಾದೀತು.

ಮಧ್ಯಾಹ್ನದ ಮೇಲೆ ತರಬೇತಿ ಇಳಿಜಾರು ಹಿಡಿಯಿತು. ‘ಮಗು ಕಣ್ಣು ತಪ್ಪಿಸಿದರೆ ಸುಳ್ಳು ಹೇಳುತ್ತಿದೆ, ಕಣ್ಣಲ್ಲಿ ಕಣ್ಣಿಟ್ಟು ನೋಡಲು ಹೇಳಿ’ ಎಂಬ ಬೋಧನೆ ಬಂತು. ಇದು ಎರಡು ಕಡೆಯಿಂದಲೂ ತಪ್ಪು. ದೊಡ್ಡವರ ಮುಂದೆ ತಲೆ ತಗ್ಗಿಸುವುದನ್ನೇ ಮರ್ಯಾದೆ ಎಂದು ಕಲಿತು ಬರುವ ಮಕ್ಕಳು ನಮ್ಮಲ್ಲಿ ಧಾರಾಳ. ಆಟಿಸಂ ಇರುವ ಕೆಲವು ಮಕ್ಕಳಿಗೆ ಕಣ್ಣಿಗೆ ಕಣ್ಣು ಸೇರಿಸುವುದು ಹಿಂಸೆ. ಮಗುವಿನ ಕಿವಿ ಕೇಳುತ್ತಿದೆಯೇ ಎಂಬುದಕ್ಕೆ ಕಣ್ಣಿಗಿಂತ ಕೈ ಒಳ್ಳೆಯ ಸಾಕ್ಷಿ, ಹೇಳಿದ ಕೆಲಸ ಶುರುವಾಯಿತೇ ನೋಡಿದರಾಯಿತು. ಕೈಪಿಡಿಯಲ್ಲಿ ‘ತಲೆ ಅಡ್ಡಡ್ಡ ಆಡಿಸಿದರೆ ಒಪ್ಪಿಗೆ ಇಲ್ಲ’ ಎಂದೂ ಅಚ್ಚಾಗಿದೆ. ನಮ್ಮ ಮಕ್ಕಳು ತಲೆ ಅತ್ತಿತ್ತ ವಾಲಿಸಿ ‘ಹ್ಞೂಂ ಸರ್’ ಎನ್ನುವುದನ್ನು ಬರೆದವರು ನೋಡಿಲ್ಲ. ಅಣಕು ಪಾಠವೊಂದರಲ್ಲಿ ತಮಾಷೆಗೆ ಕಿವಿ ಹಿಡಿದದ್ದಂತೂ ತೀರಾ ಕೆಟ್ಟ ಮಾದರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ದೇಹಭಾಷೆಯ ತರಬೇತಿಯಲ್ಲಿ ಮೊದಲು ಹೇಳಬೇಕಾದ ಗೆರೆ ಅದು: ಹತ್ತಿರ ನಿಲ್ಲಬಹುದು, ಮುಟ್ಟಬಾರದು.

ದೊಡ್ಡ ಕೊರತೆ ನಲಿಕಲಿಯದು, ಅಂದರೆ ಚಿಕ್ಕ ಮಕ್ಕಳು ಗುಂಪಿನಲ್ಲಿ ಚಟುವಟಿಕೆಯಿಂದ ಕಲಿಯುವ ಸರ್ಕಾರಿ ಶಾಲೆಯ ಪದ್ಧತಿಯದು. ಎಲ್ಲ ಅಭ್ಯಾಸವೂ ಬೆಂಚಿನ ಸಾಲು, ಒಂದೇ ತರಗತಿ, ನಲವತ್ತು ಮಕ್ಕಳು ಎಂಬ ಲೆಕ್ಕದಲ್ಲಿ. ಕೊಡಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರು ಒಟ್ಟಿಗೆ, ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ. ಅಲ್ಲಿ ಸಾಲೂ ಇಲ್ಲ, ಮುಂದೂ ಇಲ್ಲ, ಹಿಂದೂ ಇಲ್ಲ. ನಿಂತೇ ಇದ್ದರೆ ಆರು ವರ್ಷದ ಮಗುವಿಗೆ ಟೀಚರ ಮಂಡಿ ಮಾತ್ರ ಕಾಣುತ್ತದೆ. ಒಂದು ಗುಂಪಿನ ಮುಂದೆ ಕೂತರೆ ಉಳಿದ ಗುಂಪುಗಳಿಗೆ ಬೆನ್ನು. ಇದಕ್ಕೆ ಬೇಕಾದದ್ದು ಗುಂಪುಗಳ ಜೋಡಣೆ: ಶಿಕ್ಷಕರ ಪೂರ್ಣ ನೆರವಿನ ಗುಂಪು ಗೋಡೆ ಪಕ್ಕ, ಟೀಚರು ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ, ಆ ಗುಂಪಿನ ತಲೆಗಳ ಮೇಲಿನಿಂದ ಉಳಿದವರೆಲ್ಲ ಕಾಣುವಂತೆ. ಒಂದು ಮಗುವಿನ ಕೆಲಸ ನೋಡಿ ಮುಗಿದಾಗಲೆಲ್ಲ ತಲೆ ಎತ್ತಿ ಕೋಣೆ ಒಮ್ಮೆ ನೋಡುವುದು. ಮನೋವಿಜ್ಞಾನಿ ಜೇಕಬ್ ಕೌನಿನ್ ಶಿಸ್ತಿನ ತರಗತಿಗಳಲ್ಲಿ ಗುರುತಿಸಿದ್ದೂ ಇದನ್ನೇ: ಟೀಚರಿಗೆ ಎಲ್ಲವೂ ಕಾಣುತ್ತಿದೆ ಎಂಬುದು ಮಕ್ಕಳಿಗೆ ಗೊತ್ತಿರಬೇಕು. ಪ್ರಶ್ನೋತ್ತರದಲ್ಲಿ ಸೋಮವಾರಪೇಟೆ ಕಡೆಯವರೊಬ್ಬರು ನಲಿಕಲಿ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ, ‘ಅದಕ್ಕೂ ಇದೇ ತತ್ವ’. ತತ್ವ ಇರಲಿ ಸ್ವಾಮಿ, ಕೂರುವುದು ಎಲ್ಲಿ?

ಮನೆಪಾಠವಾಗಿ ಕೊಟ್ಟ ವಿಡಿಯೊ ಅಭ್ಯಾಸವನ್ನು ಮಾತ್ರ ಯಾರೂ ಬಿಡಬೇಡಿ. ಮೊಬೈಲನ್ನು ಹಿಂದಿನ ಗೋಡೆಯ ಗೂಡಿನಲ್ಲಿಟ್ಟು, ಚೌಕಟ್ಟಿನಲ್ಲಿ ಮೇಷ್ಟ್ರು ಮಾತ್ರ ಬರುವಂತೆ, ಮಕ್ಕಳ ಮುಖ ಬಾರದಂತೆ ನೋಡಿಕೊಂಡು ಹತ್ತು ನಿಮಿಷ ರೆಕಾರ್ಡ್ ಮಾಡಬೇಕು. ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿರಬೇಕು. ಸಂಜೆ ಸದ್ದು ಆಫ್ ಮಾಡಿ ನೋಡಿ, ಮೂರೇ ಲೆಕ್ಕ ಹಾಕಿ: ಬೆನ್ನು ತೋರಿಸಿದ್ದು ಎಷ್ಟು ಸಲ, ಸೂಚನೆ ಕೊಡುವಾಗ ಪಾದ ನಿಂತಿತ್ತೇ, ಬೋರ್ಡಿನಿಂದ ಎಷ್ಟು ಹೆಜ್ಜೆ ದೂರ ಹೋದಿರಿ. ನೋಡಿದ ಮೇಲೆ ಅಳಿಸಿಬಿಡಿ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ಸಂಸ್ಥೆಯವರು ‘ಒಂದು ತಿಂಗಳ ನಂತರ ಆನ್‌ಲೈನ್ ಮರುಭೇಟಿ’ ಎಂದಿದ್ದರು, ಅದಕ್ಕೆ ಬಂದದ್ದು ಒಂದು ಪ್ರಮಾಣಪತ್ರದ ಪಿಡಿಎಫ್.

ಐದರಿಂದ ಹತ್ತನೇ ತರಗತಿಗೆ ಪಾಠ ಮಾಡುವವರು, ಅದರಲ್ಲೂ ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದವರು ಹೋಗಬಹುದು. ನಲಿಕಲಿ ಟೀಚರುಗಳಿಗೆ ಈಗಿರುವ ರೂಪದಲ್ಲಿ ದುಡ್ಡು ದಂಡ. ಹೆಸರು ಕೊಡುವ ಮೊದಲು ಫೋನಿನಲ್ಲಿ ಎರಡು ಪ್ರಶ್ನೆ ಕೇಳಿಬಿಡಿ: ನಿಂತು ತಿರುಗುವ ಅಭ್ಯಾಸ ಎಲ್ಲರಿಂದಲೂ ಮಾಡಿಸುತ್ತಾರೋ ಅಥವಾ ನಾಲ್ವರು ಮಾಡಿ ಉಳಿದವರು ನೋಡುವುದೋ, ನೆಲದ ಮೇಲೆ ಕೂರುವ ತರಗತಿಗೆ ಪ್ರತ್ಯೇಕ ಸಮಯ ಇದೆಯೋ ಇಲ್ಲವೋ. ಎರಡನೆಯದಕ್ಕೆ ಇಲ್ಲ ಅಂದರೆ, ಭಾನುವಾರ ಊಟ ಮುಗಿಸಿಕೊಂಡು ಎರಡೂವರೆಯ ಬಸ್ಸಿಗೆ ಹೊರಟರೂ ನಷ್ಟವಿಲ್ಲ.